ಎರಡು ಟ್ಯಾಂಕಿನ ಗಾಡಿ: ತೊಂದರೆ ಯಾವ ಕಡೆ?

(ಕಲಿಕಾ ಕೇಂದ್ರದ ಸಂಜೆ ತರಗತಿಯಲ್ಲಿ ಸಾಕ್ಷರತಾ ಸಂಯೋಜಕರು ಆಡಿದ ಮಾತು)



ನೀವೆಲ್ಲ ಅಕ್ಷರ ಕಲಿತಿದ್ದೀರಿ. ರೇಷನ್ ಕಾರ್ಡ್ ಓದ್ತೀರಿ. ಬ್ಯಾಂಕಿನ ಪಾಸ್‌ಬುಕ್ ಓದ್ತೀರಿ. ಇವತ್ತು ಒಂದು ಗಾಡಿಯನ್ನು ಓದೋಣ. ಗಾಡಿಯನ್ನು ಓದೋದು ಹೇಗೆ ಅಂತ ನಗಬೇಡಿ. ಗಾಡಿಯ ಮೇಲೂ ಅಕ್ಷರ ಇದೆ, ಅಂಕಿ ಇದೆ, ದೀಪ ಇದೆ, ಮುಳ್ಳು ಇದೆ. ಅದನ್ನು ಓದಿದರೆ ದುಡ್ಡು ಉಳಿಯುತ್ತೆ. ಕೆಲವು ಸಲ ಜೀವವೂ ಉಳಿಯುತ್ತೆ.

ನಾನು ಮೆಕ್ಯಾನಿಕ್ ಅಲ್ಲ. ಗ್ಯಾರೇಜಿನವರನ್ನು ಕೇಳಿ, ಡ್ರೈವರ್ ಅಣ್ಣಂದಿರನ್ನು ಕೇಳಿ, ಗಾಡಿಯ ಜೊತೆ ಕೊಡುವ ಪುಸ್ತಕ ಓದಿ ಈ ಮಾತನ್ನು ಬರೆದುಕೊಂಡು ಬಂದಿದ್ದೇನೆ. ನಿಮಗೆ ಗೊತ್ತಿರೋದು ಬಂದರೆ ನೀವೇ ಮುಂದೆ ಹೇಳಿ.

ಎರಡು ಟ್ಯಾಂಕ್ ಯಾಕೆ?

ನಮ್ಮ ನೀಲಗಿರಿಯಲ್ಲಿ ಕ್ಯಾರೆಟ್, ಕೋಸು, ಆಲೂಗೆಡ್ಡೆ, ಬೀಟ್‌ರೂಟ್ ಎಲ್ಲ ಗಾಡಿಯ ಮೇಲೆಯೇ ಇಳಿಯಬೇಕು. ಊಟಿ ಮಾರ್ಕೆಟ್ಟಿಗೆ ಹೋಗಬೇಕು, ಮೆಟ್ಟುಪಾಳಯಂ ಮಂಡಿಗೆ ಹೋಗಬೇಕು. ದೊಡ್ಡ ಪಿಕಪ್‌ಗಳು ಹೆಚ್ಚಾಗಿ ಡೀಸೆಲ್ ಗಾಡಿಗಳು. ಅವಕ್ಕೆ ಒಂದೇ ಎಣ್ಣೆ. ಇವತ್ತಿನ ಮಾತು ಅವುಗಳದ್ದಲ್ಲ.

ಇವತ್ತಿನ ಮಾತು ಪೆಟ್ರೋಲಿನಲ್ಲೂ ಓಡುವ, ಗ್ಯಾಸಿನಲ್ಲೂ ಓಡುವ ಹಳೆ ಗಾಡಿಯದ್ದು. ಹಿಂದೆ ಓಮ್ನಿ ವ್ಯಾನ್ ಹೀಗೆ ಬರುತ್ತಿತ್ತು. ಓಮ್ನಿ ತಯಾರಿ 2019ರಲ್ಲಿ ನಿಂತಿತು. ಆದರೂ ಹಳೆ ವ್ಯಾನ್‌ಗಳು ಓಡುತ್ತಲೇ ಇವೆ. ಮಾರುತಿ ಕಂಪನಿಯ ಸೂಪರ್ ಕ್ಯಾರಿ ಅನ್ನೋ ಚಿಕ್ಕ ಪಿಕಪ್ 2016ರಲ್ಲಿ ಬಂತು. ಅದರ ಗ್ಯಾಸ್ ಗಾಡಿಯಲ್ಲಿ ಗ್ಯಾಸ್ ಸಿಲಿಂಡರ್ ಒಂದು, ಅದರ ಜೊತೆ 5 ಲೀಟರಿನ ಪುಟ್ಟ ಪೆಟ್ರೋಲ್ ಟ್ಯಾಂಕ್ ಒಂದು. ನಾವು ಕುಟ್ಟಿ ಯಾನೆ ಅಂತ ಕರೆಯೋ ಟಾಟಾ ಏಸ್‌ನಲ್ಲೂ ಗ್ಯಾಸ್ ಗಾಡಿ ಇದೆ. ಕೆಲವರು ಪೆಟ್ರೋಲ್ ಗಾಡಿ ಕೊಂಡು ಆಮೇಲೆ ಗ್ಯಾಸ್ ಕಿಟ್ ಹಾಕಿಸಿದ್ದಾರೆ.

ಗ್ಯಾಸಿನಲ್ಲೂ ಎರಡು ಜಾತಿ. ಒಂದು ಎಲ್‌ಪಿಜಿ. ಇದು ಅಡುಗೆ ಗ್ಯಾಸಿನ ಜಾತಿ. ಒತ್ತಿದರೆ ನೀರಾಗುತ್ತೆ, ಅದಕ್ಕೇ ಬಂಕಿನಲ್ಲಿ ಲೀಟರ್ ಲೆಕ್ಕದಲ್ಲಿ ಕೊಡ್ತಾರೆ. ಇನ್ನೊಂದು ಸಿಎನ್‌ಜಿ. ಇದು ಗಾಳಿಯ ರೂಪದಲ್ಲೇ ಇರುತ್ತೆ, ಕಿಲೋ ಲೆಕ್ಕದಲ್ಲಿ ಕೊಡ್ತಾರೆ. ನಿಮ್ಮ ಗಾಡಿಯದ್ದು ಯಾವ ಜಾತಿ ಅಂತ ಮನೆಯ ಎಲ್ಲರಿಗೂ ಗೊತ್ತಿರಬೇಕು. ಯಾಕೆ ಅಂತ ಮುಂದೆ ಹೇಳ್ತೇನೆ.

ನಮ್ಮ ಊರಲ್ಲಿ ಇದು ಯಾಕೆ ದೊಡ್ಡ ಮಾತು?

ಬಯಲು ಸೀಮೆಯಲ್ಲಿ ಗಾಡಿ ನಿಂತರೆ ರಸ್ತೆ ಪಕ್ಕ ತಳ್ಳಬಹುದು. ಟೀ ಕುಡಿದು ಮೆಕ್ಯಾನಿಕ್‌ಗೆ ಕಾಯಬಹುದು. ನಮ್ಮಲ್ಲಿ ಹಾಗಲ್ಲ. ಮಸಿನಗುಡಿಯಿಂದ ಕಲ್ಲಟ್ಟಿ ದಾರಿಯಲ್ಲಿ ಊಟಿಗೆ ಹತ್ತಲು 36 ಹೇರ್‌ಪಿನ್ ತಿರುವು. ಗೂಡಲೂರಿನಿಂದ ನಡುವಟ್ಟಂ, ಪೈಕಾರ ದಾಟಿ ಹತ್ತಬೇಕು. ತೆಪ್ಪಕಾಡಿನ ಆ ಕಡೆ ಈ ಕಡೆ ಎಲ್ಲ ಆನೆ ಓಡಾಡುವ ಕಾಡು. ಬಂಡೀಪುರದ ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರ ವರೆಗೆ ಗಾಡಿ ಓಡಾಟಕ್ಕೆ 2009ರಿಂದ ತಡೆ ಇದೆ. ಗುಂಡ್ಲುಪೇಟೆಯಿಂದ ಸಂಜೆ ಹೊರಟು, ನಡುದಾರಿಯಲ್ಲಿ ಗಾಡಿ ಕೆಟ್ಟು ಕೂತರೆ ಏನು ಗತಿ? ಕತ್ತಲಾಗುತ್ತೆ. ಸಹಾಯಕ್ಕೆ ಬರುವ ಗಾಡಿಯೂ ಕಡಿಮೆ ಆಗುತ್ತೆ.

ಇನ್ನೊಂದು ಮಾತು. "ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ" ಅಂತ ಗಾದೆ ಕೇಳಿದ್ದೀರಿ. ಎರಡು ಟ್ಯಾಂಕಿನ ಗಾಡಿಯಲ್ಲಿ ಆಗೋದು ಇದೇ. ತೊಂದರೆ ಗ್ಯಾಸ್ ಕಡೆ ಇರುತ್ತೆ, ಪೆಟ್ರೋಲ್ ಪಂಪು ಬದಲಾಯಿಸಿರುತ್ತಾರೆ. ತೊಂದರೆ ಪ್ಲಗ್ಗಿನಲ್ಲಿ ಇರುತ್ತೆ, ಗ್ಯಾಸ್ ಕಿಟ್ ಬಿಚ್ಚಿರುತ್ತಾರೆ. ಸಾವಿರಾರು ರೂಪಾಯಿ ಹೋಗುತ್ತೆ, ಗಾಡಿ ಮಾತ್ರ ಮತ್ತೆ ನಿಲ್ಲುತ್ತೆ. ಬಾಡಿಗೆ ತಪ್ಪುತ್ತೆ. ತರಕಾರಿ ಬಾಡುತ್ತೆ.

ಅದಕ್ಕೆ ಇವತ್ತಿನ ಪಾಠ ಒಂದೇ ಮಾತು: ಕೈ ಹಾಕುವ ಮೊದಲು, ತೊಂದರೆ ಯಾವ ಕಡೆ ಅಂತ ಗೊತ್ತು ಮಾಡಿಕೊಳ್ಳಿ.

ಗಾಡಿಯ ಒಳಗಿನ ದಾರಿ

ಎರಡು ಓಣಿ ಬಂದು ಒಂದು ದೊಡ್ಡ ಬೀದಿಗೆ ಸೇರುತ್ತವೆ ಅಂದುಕೊಳ್ಳಿ.

ಒಂದು ಪೆಟ್ರೋಲ್ ಓಣಿ. ಟ್ಯಾಂಕ್, ಪಂಪು, ಫಿಲ್ಟರ್, ಪೈಪು. ಆಮೇಲೆ ಎಂಜಿನ್.

ಇನ್ನೊಂದು ಗ್ಯಾಸ್ ಓಣಿ. ಸಿಲಿಂಡರ್, ಅದರ ವಾಲ್ವ್, ಪೈಪು, ಫಿಲ್ಟರ್, ರೆಗ್ಯುಲೇಟರ್. ಆಮೇಲೆ ಎಂಜಿನ್. ಅಡುಗೆ ಮನೆಯಲ್ಲೂ ಸಿಲಿಂಡರ್ ಮೇಲೆ ರೆಗ್ಯುಲೇಟರ್ ಕೂರಿಸುತ್ತೇವೆ ಅಲ್ವಾ? ಗಾಡಿಯಲ್ಲೂ ಅದರ ಕೆಲಸ ಒಳಗಿನ ಒತ್ತಡ ಇಳಿಸೋದು.

ಎರಡೂ ಓಣಿ ಸೇರುವ ದೊಡ್ಡ ಬೀದಿಯಲ್ಲಿ ಬ್ಯಾಟರಿ, ಪ್ಲಗ್, ಏರ್ ಫಿಲ್ಟರ್ ಇವೆ. ಪೆಟ್ರೋಲ್ ಆದರೂ ಗ್ಯಾಸ್ ಆದರೂ ಇವು ಬೇಕೇ ಬೇಕು.

ಡ್ರೈವರ್ ಮುಂದೆ ಒಂದು ಗ್ಯಾಸ್ ಸ್ವಿಚ್ ಇರುತ್ತೆ. ಅದರಲ್ಲಿ ಚಿಕ್ಕ ದೀಪಗಳು. ಒಂದು ದೀಪ ಗಾಡಿ ಯಾವುದರಲ್ಲಿ ಓಡುತ್ತಿದೆ ಅಂತ ಹೇಳುತ್ತೆ. ಉಳಿದ ದೀಪಗಳು ಗ್ಯಾಸ್ ಎಷ್ಟಿದೆ ಅಂತ ಹೇಳುತ್ತವೆ. ಹೆಚ್ಚಿನ ಗಾಡಿಗಳು ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ, ಎಂಜಿನ್ ಬಿಸಿಯಾದ ಮೇಲೆ ತಾನೇ ಗ್ಯಾಸಿಗೆ ಬದಲಾಗುತ್ತವೆ. ಬಹಳ ಹಳೆ ಗಾಡಿಯಲ್ಲಿ ಡ್ರೈವರೇ ಸ್ವಿಚ್ ಒತ್ತಿ ಬದಲಾಯಿಸಬೇಕು.

ನಾಲ್ಕು ಉತ್ತರದ ಪರೀಕ್ಷೆ

ಈ ಪರೀಕ್ಷೆಗೆ ಪಾನಾ ಬೇಡ, ಸ್ಕ್ರೂಡ್ರೈವರ್ ಬೇಡ. ಗ್ಯಾಸ್ ಸ್ವಿಚ್ ಒಂದು ಸಾಕು. ಆದರೆ ಘಾಟಿಯಲ್ಲಿ ಮಾಡಬೇಡಿ. ಸಮತಟ್ಟಾದ ಬಯಲಿನಲ್ಲಿ ಗಾಡಿ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಎಳೆಯಿರಿ. ಗೇರ್ ನ್ಯೂಟ್ರಲ್‌ಗೆ ಹಾಕಿ. ಮೊದಲು ಮೂಗಿಗೆ ಕೆಲಸ ಕೊಡಿ. ಗ್ಯಾಸ್ ವಾಸನೆ ಬಂದರೆ ಪರೀಕ್ಷೆಯೇ ಬೇಡ. ವಾಸನೆ ಇಲ್ಲ ಅಂದರೆ ಸ್ಟಾರ್ಟ್ ಮಾಡಿ. ಮೊದಲು ಪೆಟ್ರೋಲಿನಲ್ಲಿ 5 ನಿಮಿಷ ಬಿಡಿ. ಆಮೇಲೆ ಗ್ಯಾಸಿಗೆ ಬದಲಾಯಿಸಿ 5 ನಿಮಿಷ ಬಿಡಿ. ಏನಾಯ್ತು ಅಂತ ಬರೆದುಕೊಳ್ಳಿ.

ಉತ್ತರ 1: ಪೆಟ್ರೋಲಿನಲ್ಲಿ ಸರಿ. ಗ್ಯಾಸಿನಲ್ಲಿ ಆಫ್ ಆಗುತ್ತೆ. ತೊಂದರೆ ಬಹುಪಾಲು ಗ್ಯಾಸ್ ಓಣಿಯಲ್ಲಿ.

ಉತ್ತರ 2: ಗ್ಯಾಸಿನಲ್ಲಿ ಸರಿ. ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಲ್ಲ, ಅಥವಾ ಎಳೆಯಲ್ಲ. ತೊಂದರೆ ಪೆಟ್ರೋಲ್ ಓಣಿಯಲ್ಲಿ.

ಉತ್ತರ 3: ಎರಡರಲ್ಲೂ ಇಲ್ಲ. ತೊಂದರೆ ದೊಡ್ಡ ಬೀದಿಯಲ್ಲಿ. ಬ್ಯಾಟರಿ, ಪ್ಲಗ್, ಏರ್ ಫಿಲ್ಟರ್ ಮೊದಲು ನೋಡಿ. ಟ್ಯಾಂಕ್ ಬಿಚ್ಚೋಕೆ ಹೋಗಬೇಡಿ.

ಉತ್ತರ 4: ಎರಡರಲ್ಲೂ ಚೆನ್ನಾಗಿ ಓಡುತ್ತೆ. ಮುಳ್ಳು ಅಥವಾ ದೀಪ ಮಾತ್ರ ಸುಳ್ಳು ಹೇಳುತ್ತೆ. ತೊಂದರೆ ಮುಳ್ಳಿನದು ಅಥವಾ ಅದರ ವೈರಿನದು. ಟ್ಯಾಂಕ್ ಖಾಲಿ ಆಗಿಲ್ಲ, ಪಂಪು ಕೆಟ್ಟಿಲ್ಲ.

ಉತ್ತರ 1ರಲ್ಲಿ "ಬಹುಪಾಲು" ಅಂದೆ. ಯಾಕೆ? ಗ್ಯಾಸ್ ಹತ್ತಿಕೊಳ್ಳಲು ಪೆಟ್ರೋಲಿಗಿಂತ ಜೋರಾದ ಕಿಡಿ ಬೇಕು. ಪ್ಲಗ್ ಸವೆದಿದ್ದರೆ ಪೆಟ್ರೋಲಿನಲ್ಲಿ ಹೇಗೋ ಓಡುತ್ತೆ. ಗ್ಯಾಸಿಗೆ ಬಂದ ಕೂಡಲೇ ಮಿಸ್ಸಿಂಗ್ ಶುರು. ಹಾಗಾಗಿ ಗ್ಯಾಸ್ ಕಿಟ್ ಬಿಚ್ಚುವ ಮೊದಲು "ಪ್ಲಗ್ ನೋಡಿದ್ರಾ ಅಣ್ಣ?" ಅಂತ ಮೆಕ್ಯಾನಿಕ್‌ರನ್ನು ಕೇಳಿ. ಕೇಳೋದಕ್ಕೆ ಕಾಸಿಲ್ಲ. ಕಿಟ್ಟಿಗಿಂತ ಪ್ಲಗ್ಗಿಗೆ ಬಹಳ ಕಡಿಮೆ ದುಡ್ಡು.

ಪೆಟ್ರೋಲ್ ಕಡೆಯ ತೊಂದರೆ

ಗ್ಯಾಸ್ ಅಗ್ಗ ಅಂತ ನಾವು ಪೆಟ್ರೋಲನ್ನು ಮರೆತುಬಿಡುತ್ತೇವೆ. ಟ್ಯಾಂಕಿನ ತಳದಲ್ಲಿ ಒಂದು ಲೀಟರ್, ಅರ್ಧ ಲೀಟರ್ ಇಟ್ಟು ತಿಂಗಳುಗಟ್ಟಲೆ ಓಡಿಸುತ್ತೇವೆ. ಅಲ್ಲೇ ತೊಂದರೆ ಹುಟ್ಟೋದು.

ಮೊದಲನೆಯದು ಪಂಪು. ಈಚಿನ ಗಾಡಿಗಳಲ್ಲಿ ಪೆಟ್ರೋಲ್ ಪಂಪು ಟ್ಯಾಂಕಿನ ಒಳಗೇ ಮುಳುಗಿರುತ್ತೆ. ಸುತ್ತ ಇರುವ ಪೆಟ್ರೋಲೇ ಅದನ್ನು ತಣ್ಣಗೆ ಇಡೋದು. ಪೆಟ್ರೋಲ್ ತಳ ಕಂಡರೆ ಪಂಪು ಬಿಸಿಯಾಗಿ ಬೇಗ ಹಾಳಾಗುತ್ತೆ. ಪರೀಕ್ಷೆ ಸುಲಭ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ. ಟ್ಯಾಂಕಿನ ಹತ್ತಿರ ಕಿವಿ ಕೊಡಿ. ಒಂದೆರಡು ಸೆಕೆಂಡ್ "ಜುಂಯ್" ಅಂತ ಸದ್ದು ಬರಬೇಕು. ಬರಲಿಲ್ಲ ಅಂದರೆ ಮೊದಲು ಫ್ಯೂಸ್ ನೋಡಿ. ಫ್ಯೂಸ್ ಸರಿ ಇದ್ದರೆ ವೈರು, ಆಮೇಲೆ ಪಂಪು. ಸದ್ದು ಬರುತ್ತೆ, ಆದರೂ ಗಾಡಿ ಎಳೆಯಲ್ಲ ಅಂದರೆ ಫಿಲ್ಟರ್ ಕಟ್ಟಿರಬಹುದು. ಕಾರ್ಬೊರೇಟರ್ ಇರುವ ಬಹಳ ಹಳೆ ಓಮ್ನಿಯಲ್ಲಿ ಈ ಸದ್ದು ಬರಲ್ಲ. ಅದರ ಪಂಪು ಎಂಜಿನ್ ಹತ್ತಿರ ಇರುತ್ತೆ.

ಎರಡನೆಯದು ನೀರು. ಗೂಡಲೂರಿನ ಮಳೆ ನಿಮಗೆ ಗೊತ್ತು. ಅರ್ಧ ಖಾಲಿ ಟ್ಯಾಂಕಿನಲ್ಲಿ ಗಾಳಿ ತುಂಬಿರುತ್ತೆ. ಹಗಲು ಬಿಸಿ, ರಾತ್ರಿ ತಣ್ಣಗೆ. ಆ ಗಾಳಿಯ ತೇವ ಹನಿಯಾಗಿ ಕೆಳಗೆ ಇಳಿಯುತ್ತೆ. ಈಗ ಬಂಕಿನಲ್ಲಿ ಸಿಗೋ ಪೆಟ್ರೋಲಿನಲ್ಲಿ 100 ಪಾಲಿಗೆ 20 ಪಾಲು ಎಥನಾಲ್ ಬೆರೆಸುತ್ತಾರೆ. 20 ಪಾಲು ಬೆರೆಸಿದ ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಶುರುವಾಯಿತು. ಎಥನಾಲ್ ಅಂದರೆ ಕಬ್ಬು, ಜೋಳ, ಅಕ್ಕಿಯಿಂದ ಮಾಡುವ ಸ್ಪಿರಿಟ್. ಅದು ನೀರನ್ನು ಎಳೆದುಕೊಳ್ಳುತ್ತೆ. ನೀರು ಜಾಸ್ತಿ ಆದರೆ ನೀರು, ಎಥನಾಲ್ ಎರಡೂ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಪಂಪು ಎಳೆಯೋದು ತಳದಿಂದಲೇ. ಎಂಜಿನ್‌ಗೆ ಪೆಟ್ರೋಲ್ ಬದಲು ನೀರು ಹೋಗುತ್ತೆ. ಬೆಳಿಗ್ಗೆ ಸೆಲ್ಫ್ ಎಷ್ಟು ಹೊಡೆದರೂ ಗಾಡಿ ಏಳಲ್ಲ.

ನೀರು ಇದೆಯಾ ಅಂತ ಗ್ಯಾರೇಜಿನಲ್ಲಿ ನೋಡಬಹುದು. ತಳದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿದು ಸ್ವಲ್ಪ ಹೊತ್ತು ಇಡುತ್ತಾರೆ. ನೀರು ಇದ್ದರೆ ಕೆಳಗೆ ಬೇರೆ ಪದರ ಕಾಣುತ್ತೆ. ಇದನ್ನು ಮನೆಯ ಒಲೆ ಹತ್ತಿರ ಮಾಡಬೇಡಿ. ಬಾಯಲ್ಲಿ ಪೈಪು ಇಟ್ಟು ಪೆಟ್ರೋಲ್ ಎಳೆಯಬೇಡಿ. ಅದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೆ ಅಪಾಯ.

ಮೂರನೆಯದು ರಬ್ಬರ್. 2023ರ ಏಪ್ರಿಲ್‌ಗೆ ಮೊದಲು ತಯಾರಾದ ಹಳೆ ಗಾಡಿಗಳ ರಬ್ಬರ್ ಪೈಪು, ವಾಷರ್ ಈ ಪೆಟ್ರೋಲಿಗೆ ಬೇಗ ಸವೆಯಬಹುದು. ಪೈಪು ಬಿರುಕು ಬಿಟ್ಟಿದೆಯಾ, ಒದ್ದೆ ಇದೆಯಾ, ಪೆಟ್ರೋಲ್ ವಾಸನೆ ಬರುತ್ತಾ ಅಂತ ಸರ್ವೀಸ್ ಸಮಯದಲ್ಲಿ ನೋಡಿಸಿ.

ನಾಲ್ಕನೆಯದು ಟ್ಯಾಂಕಿನ ಮುಚ್ಚಳ. ಪೆಟ್ರೋಲ್ ಖಾಲಿ ಆದ ಹಾಗೆ ಆ ಜಾಗಕ್ಕೆ ಗಾಳಿ ಹೋಗಬೇಕು. ಗಾಳಿ ಹೋಗೋ ಸಣ್ಣ ದಾರಿಯಲ್ಲಿ ಕೊಳೆ ಕಟ್ಟಿದರೆ ಪೆಟ್ರೋಲ್ ಬರಲ್ಲ. ಗಾಡಿ ನಾಲ್ಕೈದು ಕಿಲೋಮೀಟರ್ ಓಡಿ ನಿಲ್ಲುತ್ತೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತೆ. ಮುಚ್ಚಳ ತೆಗೆದಾಗ "ಸುಯ್" ಅಂತ ಗಾಳಿ ಒಳಗೆ ಎಳೆದರೆ, ಆಮೇಲೆ ಗಾಡಿ ಓಡಿದರೆ, ಕಳ್ಳ ಸಿಕ್ಕಿದ ಹಾಗೆ. ಬೀಡಿ, ಬೆಂಕಿ ಹತ್ತಿರ ಇಟ್ಟುಕೊಂಡು ಮುಚ್ಚಳ ತೆಗೆಯಬೇಡಿ.

ಈ ನಾಲ್ಕರಲ್ಲಿ ಮೊದಲ ಎರಡಕ್ಕೆ ಸುಲಭದ ಮದ್ದು ಇದೆ. ಪೆಟ್ರೋಲ್ ಟ್ಯಾಂಕನ್ನು ಅರ್ಧಕ್ಕಿಂತ ಕೆಳಗೆ ಬಿಡಬೇಡಿ. ದಿನಕ್ಕೆ ನಾಲ್ಕೈದು ಕಿಲೋಮೀಟರ್ ಆದರೂ ಪೆಟ್ರೋಲಿನಲ್ಲಿ ಓಡಿಸಿ. ಹಳೆ ಪೆಟ್ರೋಲ್ ಖರ್ಚಾಗುತ್ತೆ, ಹೊಸದು ಬರುತ್ತೆ.

ಗ್ಯಾಸ್ ಕಡೆಯ ತೊಂದರೆ

ಇಲ್ಲಿ ಒಂದು ಗೆರೆ ಎಳೆಯೋಣ. ಪೆಟ್ರೋಲ್ ಕಡೆ ನಾವು ಸ್ವಲ್ಪ ಕೈ ಹಾಕಬಹುದು. ಗ್ಯಾಸ್ ಕಡೆ ನೋಡಬಹುದು, ಕೇಳಬಹುದು, ಮೂಸಬಹುದು. ನಟ್ಟು ಬಿಚ್ಚಬಾರದು. ತುಂಬಿದ ಸಿಎನ್‌ಜಿ ಸಿಲಿಂಡರಿನ ಒಳಗೆ ಒತ್ತಡ 200 ಬಾರ್. ಕಾರಿನ ಟೈರಿನ ಒಳಗೆ 2 ಬಾರ್‌ಗಿಂತ ಸ್ವಲ್ಪ ಜಾಸ್ತಿ. ಟೈರ್ ಒಡೆದರೇ ಎಷ್ಟು ಸದ್ದು! ಇದು ಅದರ ಹೆಚ್ಚುಕಡಿಮೆ ನೂರು ಪಟ್ಟು.

ಹಾಗಾದರೆ ನಾವು ಏನು ನೋಡಬಹುದು?

ಗ್ಯಾಸ್ ನಿಜಕ್ಕೂ ಇದೆಯಾ ನೋಡಿ. ದೀಪವನ್ನೇ ನಂಬಬೇಡಿ. ಸಿಲಿಂಡರ್ ಹತ್ತಿರ ಮೀಟರ್ ಇದ್ದರೆ ಅದನ್ನೂ ನೋಡಿ. ಹೋದ ಸಲ ಯಾವಾಗ ತುಂಬಿಸಿದ್ದು, ಎಷ್ಟು ಓಡಿದೆ ಅಂತ ಲೆಕ್ಕ ನೋಡಿ.

ಸಿಲಿಂಡರಿನ ವಾಲ್ವ್ ತೆರೆದಿದೆಯಾ ನೋಡಿ. ಗ್ಯಾರೇಜಿನಲ್ಲಿ ಮುಚ್ಚಿ ಮರೆತಿರುತ್ತಾರೆ. ಯಾವ ಕಡೆ ತಿರುಗಿಸಿದರೆ ಮುಚ್ಚುತ್ತೆ ಅಂತ ಮೊದಲೇ ಕೇಳಿ ತಿಳಿದಿರಿ.

ಗ್ಯಾಸಿನ ಫ್ಯೂಸ್ ನೋಡಿ. ಅದು ಸುಟ್ಟರೆ ಗ್ಯಾಸ್ ಬಿಡುವ ವಾಲ್ವ್ ತೆರೆಯಲ್ಲ.

ಕೊನೆಗೆ ರೇಡಿಯೇಟರ್ ನೀರು. ಗ್ಯಾಸಿಗೂ ರೇಡಿಯೇಟರ್ ನೀರಿಗೂ ಏನು ಸಂಬಂಧ ಅಂತ ಕೇಳ್ತೀರಿ. ಇದು ನಮ್ಮ ಊಟಿಯವರು ತಿಳಿಯಲೇಬೇಕಾದ ವಿಷಯ.

ಚಳಿ, ರೇಡಿಯೇಟರ್ ಮತ್ತು ಗ್ಯಾಸ್

ಅಡುಗೆ ಸಿಲಿಂಡರ್ ಬಹಳ ಹೊತ್ತು ಉರಿದ ಮೇಲೆ ಮುಟ್ಟಿ ನೋಡಿ. ತಣ್ಣಗಿರುತ್ತೆ. ಒಳಗೆ ನೀರಾಗಿದ್ದ ಗ್ಯಾಸ್ ಗಾಳಿ ಆಗುವಾಗ ಸುತ್ತಲಿನ ಬಿಸಿ ಎಳೆದುಕೊಳ್ಳುತ್ತೆ. ಗಾಡಿಯ ರೆಗ್ಯುಲೇಟರಿನಲ್ಲೂ ಹೀಗೇ. ಸಿಎನ್‌ಜಿಯ ಒತ್ತಡ ಒಮ್ಮೆಗೇ ಇಳಿಯುವಾಗಲೂ ರೆಗ್ಯುಲೇಟರ್ ತಣ್ಣಗಾಗುತ್ತೆ. ಹಾಗೇ ಬಿಟ್ಟರೆ ಹೆಪ್ಪುಗಟ್ಟುತ್ತೆ. ಅದಕ್ಕೇ ಎಂಜಿನ್‌ನ ಬಿಸಿನೀರಿನ ಒಂದು ಪೈಪನ್ನು ರೆಗ್ಯುಲೇಟರ್ ಒಳಗೆ ಹಾಯಿಸಿರುತ್ತಾರೆ. ಚಳಿಗೆ ಬಿಸಿನೀರಿನ ಶಾಖ ಕೊಟ್ಟ ಹಾಗೆ.

ರೇಡಿಯೇಟರಿನಲ್ಲಿ ಕೂಲೆಂಟ್ ಕಡಿಮೆ ಆದರೆ ಬಿಸಿನೀರು ರೆಗ್ಯುಲೇಟರಿಗೆ ಹೋಗಲ್ಲ. ರೆಗ್ಯುಲೇಟರ್ ಮೇಲೆ ಬಿಳಿ ಮಂಜು ಕಟ್ಟುತ್ತೆ. ಗಾಡಿ ಗ್ಯಾಸಿನಲ್ಲಿ ಎಳೆಯದೆ ಆಫ್ ಆಗುತ್ತೆ. ನಾವು ಗ್ಯಾಸ್ ಕಿಟ್ ಕೆಟ್ಟಿತು ಅಂತ ಬೈತೇವೆ. ಕಾರಣ ಒಂದು ಲೀಟರ್ ಕೂಲೆಂಟ್!

ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಕೂಲೆಂಟ್ ನೋಡಿ. ಬಿಸಿ ಇರುವಾಗ ಮುಚ್ಚಳ ತೆಗೆದರೆ ಬಿಸಿನೀರು ಮುಖಕ್ಕೆ ಚಿಮ್ಮುತ್ತೆ.

ಊಟಿಯಲ್ಲಿ ಡಿಸೆಂಬರ್, ಜನವರಿ ಬೆಳಿಗ್ಗೆ ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟಿರುತ್ತೆ. ಅಂಥ ಚಳಿಯಲ್ಲಿ ಎಲ್‌ಪಿಜಿ ಸರಿಯಾಗಿ ಗಾಳಿ ಆಗಲ್ಲ. ಎಲ್‌ಪಿಜಿಯಲ್ಲಿ ಪ್ರೊಪೇನ್, ಬ್ಯುಟೇನ್ ಅಂತ ಎರಡು ಅನಿಲ ಇವೆ. ಬ್ಯುಟೇನ್ ಸೊನ್ನೆ ಡಿಗ್ರಿಯ ಹತ್ತಿರ ಗಾಳಿ ಆಗದೆ ನೀರಾಗಿಯೇ ಕೂರುತ್ತೆ. ಆದ್ದರಿಂದ ಚಳಿಗಾಲದ ಬೆಳಿಗ್ಗೆ ಪೆಟ್ರೋಲಿನಲ್ಲೇ ಸ್ಟಾರ್ಟ್ ಮಾಡಿ. ಎಂಜಿನ್ ಬಿಸಿಯಾಗಲಿ. ಆಮೇಲೆ ಗ್ಯಾಸಿಗೆ ಬನ್ನಿ.

ಎತ್ತರದ ಲೆಕ್ಕವೂ ಇದೆ. ಊಟಿ ಸಮುದ್ರಕ್ಕಿಂತ ಸುಮಾರು 2,200 ಮೀಟರ್ ಮೇಲೆ. ಇಲ್ಲಿ ಗಾಳಿ ತೆಳು. ಸಮುದ್ರದ ದಂಡೆಯಲ್ಲಿ ಸಿಗೋ ಗಾಳಿಯ ಸುಮಾರು ಮುಕ್ಕಾಲು ಪಾಲು ಮಾತ್ರ ಎಂಜಿನ್‌ಗೆ ಸಿಗುತ್ತೆ. ಗ್ಯಾಸಿನಲ್ಲಿ ಓಡುವಾಗ ಎಂಜಿನ್‌ನ ಶಕ್ತಿ ಪೆಟ್ರೋಲಿಗಿಂತ ಮೊದಲೇ ಸ್ವಲ್ಪ ಕಡಿಮೆ. ಎರಡೂ ಸೇರಿ ಕಲ್ಲಟ್ಟಿ ಹತ್ತುವಾಗ ಗಾಡಿ ಏದುಸಿರು ಬಿಡುತ್ತೆ. ಅದು ಕಾಯಿಲೆ ಅಲ್ಲ, ಬೆಟ್ಟದ ಗುಣ. ಭಾರ ಕಡಿಮೆ ಹಾಕಿ. ಕಡಿದಾದ ಏರನ್ನು ಪೆಟ್ರೋಲಿನಲ್ಲಿ ಹತ್ತಿ. ಯಾವುದರಲ್ಲಿ ಹತ್ತಬೇಕು ಅಂತ ಬೆಟ್ಟದ ಕೆಳಗೇ ತೀರ್ಮಾನ ಮಾಡಿ. ತಿರುವಿನ ನಡುವೆ ಸ್ವಿಚ್ ಒತ್ತಬೇಡಿ. ಆ ಹೊತ್ತಿಗೆ ಎಂಜಿನ್ ಆಫ್ ಆದರೆ ಬ್ರೇಕ್ ಗಟ್ಟಿಯಾಗುತ್ತೆ, ಸ್ಟೀರಿಂಗ್ ಭಾರ ಆಗಬಹುದು, ಗಾಡಿ ಹಿಂದಕ್ಕೆ ಜಾರುತ್ತೆ.

ಗ್ಯಾಸ್ ವಾಸನೆ ಬಂದರೆ

ಗ್ಯಾಸಿಗೆ ತನ್ನದೇ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಅಂತಲೇ ಕೆಟ್ಟ ವಾಸನೆ ಬೆರೆಸಿರುತ್ತಾರೆ. ವಾಸನೆ ಬಂತು ಅಂದರೆ ಗಾಡಿ ಮಾತಾಡಿತು ಅಂತ ತಿಳಿಯಿರಿ. ಆಗ ಹೀಗೆ ಮಾಡಿ:

1. ಗಾಡಿಯನ್ನು ಕೂಡಲೇ ಬಯಲು ಜಾಗದಲ್ಲಿ ನಿಲ್ಲಿಸಿ. ಕೀ ಆಫ್ ಮಾಡಿ. ಹ್ಯಾಂಡ್ ಬ್ರೇಕ್ ಎಳೆಯಿರಿ.
2. ಎಲ್ಲರನ್ನೂ ಇಳಿಸಿ. ಗಾಳಿ ಎಲ್ಲಿಂದ ಬೀಸುತ್ತದೋ ಆ ಕಡೆಗೆ ದೂರ ಹೋಗಿ. ಕಾಡಿನ ದಾರಿ ಆದರೆ ರಸ್ತೆಯ ಮೇಲೆಯೇ ಎಲ್ಲರೂ ಒಟ್ಟಿಗೆ ಇರಿ. ಬರುವ ಗಾಡಿಯನ್ನು ದೂರದಿಂದಲೇ ನಿಲ್ಲಿಸಿ.
3. ಕೈಗೆ ಸಿಗುವಂತಿದ್ದರೆ, ಬೆಂಕಿ ಇಲ್ಲದಿದ್ದರೆ, ಸಿಲಿಂಡರಿನ ವಾಲ್ವ್ ಮುಚ್ಚಿ. ಇಲ್ಲವಾದರೆ ಬೇಡ.
4. ಬೀಡಿ, ಬೆಂಕಿಕಡ್ಡಿ ಬೇಡ. ಗಾಡಿಯ ಯಾವ ಸ್ವಿಚ್ಚೂ ಒತ್ತಬೇಡಿ. ದೂರ ಹೋದ ಮೇಲೆ ಫೋನ್ ಮಾಡಿ. ಬೆಂಕಿ ದಳ 101. ಎಲ್ಲ ತುರ್ತಿಗೂ 112.

ನಿಮ್ಮ ಗಾಡಿಯ ಗ್ಯಾಸ್ ಯಾವ ಜಾತಿ ಅಂತ ತಿಳಿದಿರಬೇಕು ಅಂದಿದ್ದೆ. ಕಾರಣ ಇಲ್ಲಿದೆ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೀರಿನ ಹಾಗೆ ತಗ್ಗಿಗೆ ಹರಿಯುತ್ತೆ. ಚರಂಡಿ, ಗುಂಡಿ, ರಸ್ತೆಯ ಕೆಳಗಿನ ಟೀ ತೋಟದ ತಗ್ಗಿನಲ್ಲಿ ನಿಲ್ಲುತ್ತೆ. ಎಲ್‌ಪಿಜಿ ಗಾಡಿ ಆದರೆ ಇಳಿಜಾರಿನ ಕೆಳಗೆ ಓಡಬೇಡಿ, ಮೇಲಿನ ಕಡೆಗೆ ಹೋಗಿ. ಸಿಎನ್‌ಜಿ ಗಾಳಿಗಿಂತ ಹಗುರ. ಮೇಲಕ್ಕೆ ಏರುತ್ತೆ. ಬಯಲಿನಲ್ಲಿ ಬೇಗ ಚದುರುತ್ತೆ. ಆದರೆ ಮುಚ್ಚಿದ ಶೆಡ್ಡಿನಲ್ಲಿ ಸೂರಿನ ಕೆಳಗೆ ತುಂಬಿಕೊಳ್ಳುತ್ತೆ. ಶೆಡ್ಡಿನ ಬಾಗಿಲು ತೆರೆದಾಗ ವಾಸನೆ ಬಂದರೆ ಲೈಟ್ ಸ್ವಿಚ್ ಒತ್ತಬೇಡಿ.

ಸೋರಿಕೆ ಎಲ್ಲಿ ಅಂತ ಹುಡುಕೋದು ಮೆಕ್ಯಾನಿಕ್ ಕೆಲಸ. ಅವರೂ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಬೇಕು. ಕಡ್ಡಿ ಗೀರಿ ನೋಡುವವರ ಹತ್ತಿರ ಗಾಡಿ ಬಿಡಬೇಡಿ.

ಅಡುಗೆ ಸಿಲಿಂಡರಿನಿಂದ ತುಂಬಿಸಬಹುದಾ?

ಈ ಪ್ರಶ್ನೆಯನ್ನು ಬಹಳ ಜನ ಕೇಳ್ತಾರೆ. ಉತ್ತರ: ಬೇಡವೇ ಬೇಡ. ಆಟೋ ಗ್ಯಾಸ್ ಬಂಕ್ ಎಲ್ಲ ಊರಿನಲ್ಲೂ ಇಲ್ಲ, ನಿಜ. ಆದರೂ ಮನೆಯ ಸಿಲಿಂಡರಿನ ಗ್ಯಾಸನ್ನು ಗಾಡಿಗೆ ಹಾಕೋದು ಕಾನೂನಿಗೆ ವಿರುದ್ಧ. ಅದಕ್ಕಿಂತ ದೊಡ್ಡದು ಅಪಾಯ. ಗಾಡಿಯ ಎಲ್‌ಪಿಜಿ ಟ್ಯಾಂಕನ್ನು 100ಕ್ಕೆ 80 ಪಾಲು ಮಾತ್ರ ತುಂಬಬೇಕು. ಬಿಸಿಗೆ ಗ್ಯಾಸ್ ಉಬ್ಬುತ್ತೆ. ಉಬ್ಬಲು ಜಾಗ ಬೇಕು. ಊಟಿಯ ಚಳಿಯಲ್ಲಿ ಗಂಟಲವರೆಗೆ ತುಂಬಿಸಿ, ಮೆಟ್ಟುಪಾಳಯಂನ ಬಿಸಿಲಿಗೆ ಇಳಿಸಿದರೆ ಟ್ಯಾಂಕ್ ಏನಾಗಬೇಕು ಹೇಳಿ? ಬಂಕಿನಲ್ಲಿ ತುಂಬಿಸುವಾಗ 80 ಪಾಲಿಗೆ ತಾನೇ ನಿಲ್ಲುತ್ತೆ. ಮನೆಯ ಹಿತ್ತಲಲ್ಲಿ ಪೈಪು ಹಾಕಿ ತುಂಬಿಸುವಾಗ ಆ ಭರವಸೆ ಇಲ್ಲ, ಸುತ್ತ ಸೋರುವ ಗ್ಯಾಸಿಗೆ ಲೆಕ್ಕವೂ ಇಲ್ಲ.

ಗಾಡಿಯ ಮೇಲಿನ ಅಕ್ಷರ

ಈಗ ನಮ್ಮ ನಿಜವಾದ ಪಾಠಕ್ಕೆ ಬರೋಣ. ಮೂರು ಕಡೆ ಓದಬೇಕು.

ಒಂದು, ಸಿಲಿಂಡರಿನ ತಗಡು. ಅದರ ಮೇಲೆ ತಿಂಗಳು, ವರ್ಷ ಬರೆದಿರುತ್ತೆ. ಅದು ಪರೀಕ್ಷೆ ಮಾಡಿದ ದಿನ. ಸಿಎನ್‌ಜಿ ಸಿಲಿಂಡರನ್ನು 3 ವರ್ಷಕ್ಕೊಮ್ಮೆ, ಎಲ್‌ಪಿಜಿ ಟ್ಯಾಂಕನ್ನು 5 ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು. ಹಳೆ ಗಾಡಿ ಕೊಳ್ಳುವಾಗ ಬಣ್ಣ ನೋಡುವ ಮೊದಲು ಈ ತಾರೀಕು ನೋಡಿ.

ಎರಡು, ಆರ್‌ಸಿ. ಅದರಲ್ಲಿ ಗಾಡಿ ಯಾವ ಇಂಧನದ್ದು ಅಂತ ಬರೆದಿರುತ್ತೆ. ಆಮೇಲೆ ಕಿಟ್ ಹಾಕಿಸಿದ್ದರೆ ಆರ್‌ಟಿಒ ಆಫೀಸಿನಲ್ಲಿ ಆರ್‌ಸಿಗೆ ಸೇರಿಸಿರಬೇಕು. ಸೇರಿಸದಿದ್ದರೆ ಅಪಘಾತ ಆದಾಗ ಇನ್ಶೂರೆನ್ಸ್ ದುಡ್ಡಿಗೆ ತಕರಾರು ಬರುತ್ತೆ. ಬರಹ ಇಂಗ್ಲಿಷಿನಲ್ಲಿ ಇರುತ್ತೆ. ಓದಲು ಬಾರದಿದ್ದರೆ ನಾಚಿಕೆ ಬೇಡ. ಮಗನನ್ನೋ ಮಗಳನ್ನೋ ಕೇಳಿ, ನಮ್ಮ ಕೇಂದ್ರಕ್ಕೆ ತನ್ನಿ.

ಮೂರು, ನೀವೇ ಬರೆಯುವ ನೋಟ್‌ಬುಕ್. ಗಾಡಿ ಅಣ್ಣಂದಿರು ಓಡಿಸಲಿ. ಲೆಕ್ಕವನ್ನು ಅಕ್ಕಂದಿರು ಬರೆಯಲಿ. ತಾರೀಕು, ಕಿಲೋಮೀಟರ್, ಪೆಟ್ರೋಲ್ ಎಷ್ಟು ಲೀಟರ್, ಗ್ಯಾಸ್ ಎಷ್ಟು, ಕೊಟ್ಟ ದುಡ್ಡು. ಐದೇ ಸಾಲು. ಒಂದು ಲೆಕ್ಕ ನೋಡಿ. ಒಂದು ಗಾಡಿ 8 ಕಿಲೋ ಗ್ಯಾಸಿಗೆ 160 ಕಿಲೋಮೀಟರ್ ಓಡಿತು ಅಂದುಕೊಳ್ಳಿ. ಕಿಲೋಗೆ 20 ಆಯ್ತು. ಮುಂದಿನ ತಿಂಗಳು ಅದೇ ದಾರಿ, ಅದೇ ಭಾರ. 8 ಕಿಲೋಗೆ 112 ಮಾತ್ರ ಓಡಿತು. ಕಿಲೋಗೆ 14. ಮುಳ್ಳು ಏನೂ ಹೇಳಲಿಲ್ಲ. ದೀಪ ಏನೂ ಹೇಳಲಿಲ್ಲ. ನೋಟ್‌ಬುಕ್ ಹೇಳಿತು: ಎಲ್ಲೋ ಸೋರುತ್ತಿದೆ, ಅಥವಾ ಎಂಜಿನ್ ಸರಿ ಉರಿಸುತ್ತಿಲ್ಲ. ಗಾಡಿ ಕಾಡಿನಲ್ಲಿ ನಿಲ್ಲುವ ಮೊದಲೇ ಗ್ಯಾರೇಜಿಗೆ ಹೋಗಬಹುದು.

ಗ್ಯಾರೇಜಿಗೆ ಹೋದಾಗ "ಗಾಡಿ ಕೆಟ್ಟಿದೆ" ಅಂತ ಮಾತ್ರ ಹೇಳಬೇಡಿ. ಒಂದು ಚೀಟಿ ಬರೆದು ಕೊಡಿ: "ಪೆಟ್ರೋಲಿನಲ್ಲಿ ಸರಿ. ಗ್ಯಾಸಿನಲ್ಲಿ 10 ನಿಮಿಷಕ್ಕೆ ಆಫ್. ರೆಗ್ಯುಲೇಟರ್ ಮೇಲೆ ಮಂಜು. ಕೂಲೆಂಟ್ ಕಡಿಮೆ ಇತ್ತು." ಇಷ್ಟು ಬರೆದ ಚೀಟಿ ನೋಡಿದರೆ ಒಳ್ಳೆ ಮೆಕ್ಯಾನಿಕ್‌ಗೆ ಅರ್ಧ ಕೆಲಸ ಮುಗಿದ ಹಾಗೆ. ಮೋಸ ಮಾಡುವವನಿಗೆ ಧೈರ್ಯ ಬರಲ್ಲ. ಒಂದು ಸಲಕ್ಕೆ ಒಂದೇ ಸಾಮಾನು ಬದಲಾಯಿಸಲು ಹೇಳಿ. ತೆಗೆದ ಹಳೆ ಸಾಮಾನು, ಬಿಲ್ಲು ಎರಡನ್ನೂ ಕೇಳಿ ತೆಗೆದುಕೊಳ್ಳಿ.

ಕಾಡಿನ ದಾರಿಗೆ ಇಳಿಯುವ ಮೊದಲು ಎರಡೂ ಟ್ಯಾಂಕ್ ನೋಡಿ. ಒಂದು ಕೈ ಕೊಟ್ಟರೆ ಇನ್ನೊಂದು ಮನೆ ಸೇರಿಸಬೇಕು. ಎರಡು ಟ್ಯಾಂಕ್ ಇರೋದು ಅದಕ್ಕೇ ಅಲ್ವಾ? ಆದರೆ ಎರಡನ್ನೂ ನೋಡಿಕೊಂಡವರಿಗೆ ಮಾತ್ರ ಅದು ಎರಡು ಟ್ಯಾಂಕಿನ ಗಾಡಿ. ಒಂದನ್ನು ಮರೆತವರಿಗೆ ಅದು ಒಂದೇ ಟ್ಯಾಂಕಿನ ಗಾಡಿ.

 

ನೆನಪಿಡಿ

• ಮೊದಲು ಪರೀಕ್ಷೆ, ಆಮೇಲೆ ರಿಪೇರಿ.
• ಪೆಟ್ರೋಲ್ ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಬೇಡ.
• ಚಳಿಯಲ್ಲಿ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ.
• ಗ್ಯಾಸ್ ಕಡೆ ನಟ್ಟು ಬಿಚ್ಚಬೇಡಿ.
• ವಾಸನೆ ಬಂದರೆ ನಿಲ್ಲಿಸಿ, ಇಳಿಯಿರಿ, ದೂರ ಹೋಗಿ.

ಓದಿ, ಲೆಕ್ಕ ಹಾಕಿ, ಹೇಳಿ

1. ಒಂದು ಸಿಎನ್‌ಜಿ ಸಿಲಿಂಡರಿನ ಪರೀಕ್ಷೆ 2024ರ ಜೂನ್‌ನಲ್ಲಿ ಆಗಿದೆ. ಮುಂದಿನ ಪರೀಕ್ಷೆ ಯಾವಾಗ?
2. ಗಾಡಿ ಗ್ಯಾಸಿನಲ್ಲಿ ಸರಿ ಓಡುತ್ತೆ. ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಲ್ಲ. ತೊಂದರೆ ಯಾವ ಕಡೆ? ಮೊದಲು ಏನು ನೋಡ್ತೀರಿ?
3. ಎಲ್‌ಪಿಜಿ ಸೋರಿದರೆ ಇಳಿಜಾರಿನ ಯಾವ ಕಡೆಗೆ ಹೋಗಬೇಕು? ಯಾಕೆ?
4. 6 ಕಿಲೋ ಗ್ಯಾಸಿಗೆ 108 ಕಿಲೋಮೀಟರ್ ಓಡಿತು. ಒಂದು ಕಿಲೋಗೆ ಎಷ್ಟು?
5. ನಿಮ್ಮ ಮನೆಯ ಅಥವಾ ನೆರೆಮನೆಯ ಗಾಡಿಯ ತೊಂದರೆಯನ್ನು ನಾಲ್ಕು ಸಾಲಿನ ಚೀಟಿಯಲ್ಲಿ ಬರೆಯಿರಿ. ಮುಂದಿನ ತರಗತಿಗೆ ತನ್ನಿ.